ತನ್ನ ಕೈಯನ್ನು ಯಾರೂ ಅನುಮಾನಿಸುವುದಿಲ್ಲ

ಅಧ್ಯಕ್ಷರೆ, ವೇದಿಕೆಯ ಮೇಲಿರುವ ಹಿರಿಯರೆ, ಸಭೆಯಲ್ಲಿ ಸೇರಿರುವ ಎಲ್ಲ ಮಿತ್ರರೆ,

ಕೈ ತೊಳೆಯಿರಿ ಎಂದು ಹೇಳುವುದಕ್ಕೆ ಒಂದು ಉಪನ್ಯಾಸ ಬೇಕೆ ಎಂದು ಈ ಕಾರ್ಯಕ್ರಮದ ಸಂಘಟಕರಲ್ಲೇ ಒಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 2008ರಿಂದ ಪ್ರತಿ ವರ್ಷ ಅಕ್ಟೋಬರ್ 15ನ್ನು ಕೈ ತೊಳೆಯುವ ದಿನವೆಂದು ಜಗತ್ತು ಆಚರಿಸುತ್ತಿದೆ. ಕೋವಿಡ್ ಕಾಲದಲ್ಲಂತೂ ಈ ಪಾಠವನ್ನು ಎಲ್ಲರೂ ಎಲ್ಲರಿಗೂ ಹೇಳಿ ಮುಗಿಸಿದ್ದಾರೆ. ಹೀಗಿದ್ದೂ ಗೊತ್ತಿರುವವರು ಏಕೆ ತೊಳೆಯುವುದಿಲ್ಲ? ನನ್ನ ಉತ್ತರ ಚಿಕ್ಕದು. ಅದನ್ನೇ ಇಂದು ಮತ್ತೆ ಮತ್ತೆ ಹೇಳಲಿದ್ದೇನೆ, ಸಹಿಸಿಕೊಳ್ಳಬೇಕು. ಮನುಷ್ಯ ನೀರನ್ನು ಅನುಮಾನಿಸುತ್ತಾನೆ, ಗಾಳಿಯನ್ನು ಅನುಮಾನಿಸುತ್ತಾನೆ, ಪಕ್ಕದಲ್ಲಿ ಕೆಮ್ಮಿದವನನ್ನು ಅನುಮಾನಿಸುತ್ತಾನೆ. ತನ್ನ ಕೈಯನ್ನು ಮಾತ್ರ ಅನುಮಾನಿಸುವುದಿಲ್ಲ.

ಈ ಮಾತಿಗೆ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ತರುಣ ವೈದ್ಯ 1846ರಲ್ಲಿ ಅಲ್ಲಿ ಸಹಾಯಕನಾಗಿ ಸೇರಿದ. ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಆ ವರ್ಷ ವೈದ್ಯರ ವಾರ್ಡಿನಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರು. ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ ಮೂರೂ ಇಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮೊದಲ ವಾರ್ಡಿಗೆ ಹಾಕಬೇಡಿರೆಂದು ಗರ್ಭಿಣಿಯರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು. ಬೀದಿಯಲ್ಲೇ ಹೆತ್ತು ಆಸ್ಪತ್ರೆಗೆ ಬಂದವರಲ್ಲಿ ಬಾಣಂತಿ ಜ್ವರ, ಅಂದರೆ ಹೆರಿಗೆಯ ಬಳಿಕ ನಂಜೇರಿ ತಾಯಂದಿರನ್ನು ಕೊಲ್ಲುತ್ತಿದ್ದ ಜ್ವರ, ಕಡಿಮೆ ಎಂಬುದನ್ನೂ ಸೆಮ್ಮೆಲ್‌ವೈಸ್ ಗಮನಿಸಿದ. ಆಸ್ಪತ್ರೆಗಿಂತ ಬೀದಿಯೇ ಕ್ಷೇಮವೆಂದರೆ ಆಸ್ಪತ್ರೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಲೇಬೇಕಲ್ಲವೆ?

ಕೇಳಿದರು ಕೂಡ. ಕೇಳುತ್ತ ಅವರು ಯಾವುದನ್ನೆಲ್ಲ ಅನುಮಾನಿಸಿದರು ನೋಡಿ. ಕೆಟ್ಟ ಗಾಳಿಯನ್ನು, ಜನಸಂದಣಿಯನ್ನು, ಹೆಂಗಸರ ಭಯವನ್ನು ಅನುಮಾನಿಸಿದರು. ಸಾಯುವವರ ಬಳಿಗೆ ಹೋಗುವ ಪಾದ್ರಿ ಗಂಟೆ ಬಾರಿಸಿಕೊಂಡು ಆ ವಾರ್ಡಿನ ಮೂಲಕವೇ ಹಾದುಹೋಗುತ್ತಾನೆ, ಆ ಸದ್ದಿಗೆ ಹೆದರಿ ಬಾಣಂತಿಯರಿಗೆ ಜ್ವರ ಬರುತ್ತದೆ ಎಂಬ ವಾದವೂ ಇತ್ತು. ಪಾದ್ರಿಯನ್ನು ಬೇರೆ ದಾರಿಯಲ್ಲಿ, ಗಂಟೆಯಿಲ್ಲದೆ ಕಳುಹಿಸಿಯೂ ನೋಡಿದರು, ಸಾವು ನಿಲ್ಲಲಿಲ್ಲ. ಗಂಟೆ ಬಾರಿಸುವ ಪಾದ್ರಿಯ ಮೇಲೂ ಅನುಮಾನ ಬಂತು, ಹೆರಿಗೆ ಮಾಡಿಸುವ ಕೈಯ ಮೇಲೆ ಬರಲಿಲ್ಲ!

1847ರ ಮಾರ್ಚ್‌ನಲ್ಲಿ ಸೆಮ್ಮೆಲ್‌ವೈಸ್‌ನ ಮಿತ್ರ, ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ ಯಾಕೊಬ್ ಕೊಲೆಚ್ಕಾ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ಚುಚ್ಚಿ, ನಂಜೇರಿ ತೀರಿಕೊಂಡ. ಆತನ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದಲ್ಲಿ ಸತ್ತವರ ಲಕ್ಷಣಗಳಂತೆಯೇ ಇದ್ದವು. ಬೆಳಿಗ್ಗೆ ಶವಪರೀಕ್ಷೆ ಮಾಡಿ ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದವರು ವೈದ್ಯರು. ಸೂಲಗಿತ್ತಿಯರಿಗೆ ಶವಾಗಾರದಲ್ಲಿ ಕೆಲಸವೇ ಇರಲಿಲ್ಲ. ವೈದ್ಯರು ಕೈ ತೊಳೆಯುತ್ತಲೇ ಇರಲಿಲ್ಲ ಎಂದು ತಿಳಿಯಬಾರದು. ಸೋಪಿನಲ್ಲಿ ತೊಳೆದ ಮೇಲೂ ಕೈಯಲ್ಲಿ ಶವದ ವಾಸನೆ ಉಳಿಯುತ್ತಿತ್ತು. ವಾಸನೆ ಉಳಿದಿದೆಯೆಂದರೆ ವಸ್ತುವೂ ಉಳಿದಿದೆ ಎಂದು ತರ್ಕಿಸಿದ ಸೆಮ್ಮೆಲ್‌ವೈಸ್, ಮೊದಲು ಕ್ಲೋರಿನ್ ದ್ರಾವಣದಲ್ಲಿ, ಆಮೇಲೆ ನಾವಿಂದು ಬ್ಲೀಚಿಂಗ್ ಪೌಡರ್ ಎನ್ನುವುದನ್ನೇ ಕಲಸಿದ ನೀರಿನಲ್ಲಿ, ಕೈ ತೊಳೆಯುವುದನ್ನು ಮೇ ತಿಂಗಳಲ್ಲಿ ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಸುಮಾರಿಗೆ ಇಳಿಯಿತು, ಜುಲೈನಲ್ಲಿ ಇನ್ನೂ ಕೆಳಗೆ. ಕಣ್ಣಿಗೆ ಕಾಣದ ಜೀವಿಗಳಿಂದ ರೋಗ ಬರುತ್ತದೆ ಎಂಬ ರೋಗಾಣು ಸಿದ್ಧಾಂತ ಇನ್ನೂ ನೆಲೆಗೊಂಡಿರದ ಕಾಲ ಅದು ಎಂಬುದನ್ನು ನೆನಪಿಡಬೇಕು.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಅದೇ ವರ್ಷದ ಅಕ್ಟೋಬರ್. ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ವಾರ್ಡಿಗೆ ಬರುವಾಗ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆದೇ ಬಂದಿದ್ದರು; ಆಕೆಯನ್ನು ಪರೀಕ್ಷಿಸಿದ ಮೇಲೆ ಮಾತ್ರ ಬರಿಯ ಸೋಪಿನಲ್ಲಿ ತೊಳೆದು ಮುಂದಿನ ಹಾಸಿಗೆಗಳಿಗೆ ಹೋದರು. ಆಗ ಅಲ್ಲಿ ಹೆತ್ತ 12 ಮಂದಿಯಲ್ಲಿ 11 ಮಂದಿ ತೀರಿಕೊಂಡರು. ಶವದಿಂದಷ್ಟೇ ಅಲ್ಲ, ಬದುಕಿರುವವರಿಂದಲೂ ಕೈ ರೋಗವನ್ನು ಎತ್ತಿಕೊಳ್ಳುತ್ತದೆ ಎಂಬುದು ಸೆಮ್ಮೆಲ್‌ವೈಸ್‌ಗೆ ತಿಳಿದದ್ದು ಹೀಗೆ. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ನಡುವೆ ಕೈ ಶುಚಿಯಾಗಬೇಕೆಂಬ ಇಂದಿನ ನಿಯಮದ ಹಿಂದೆ ಆ ತಾಯಂದಿರ ಸಾವಿದೆ.

ಸಮಕಾಲೀನರಲ್ಲಿ ಬಹುಪಾಲು ಜನ ಇದನ್ನು ಒಪ್ಪಲಿಲ್ಲ. ಅವನ ಗ್ರಂಥ ಪ್ರಕಟವಾದದ್ದೂ 1861ರಲ್ಲಿ. ವಿರೋಧಿಗಳನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದೇ ಕರೆದ. ಇದರಿಂದ ಅವನಿಗೆ ಲಾಭವಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. 1865ರಲ್ಲಿ, ವಿಯೆನ್ನಾದ ಹುಚ್ಚಾಸ್ಪತ್ರೆಯೊಂದರಲ್ಲಿ, ತನ್ನ 47ನೆಯ ವಯಸ್ಸಿನಲ್ಲಿ, ಗಾಯ ನಂಜಾಗಿ ಸತ್ತ. ವೈದ್ಯರು ಸಭ್ಯಸ್ಥರು, ಸಭ್ಯಸ್ಥರ ಕೈ ಶುಚಿಯಾಗಿಯೇ ಇರುತ್ತದೆ ಎಂಬ ಅರ್ಥದ ಮಾತನ್ನು ಅಮೆರಿಕದ ಪ್ರಸಿದ್ಧ ಪ್ರಸೂತಿ ತಜ್ಞ ಚಾರ್ಲ್ಸ್ ಮೀಗ್ಸ್ ಆಡಿದ್ದು ಆ ಕಾಲದಲ್ಲೇ. ನಾವು ಇದನ್ನು ಕೇಳಿ ನಗುತ್ತೇವೆ. ಆದರೆ ಈ ಸಭಾಂಗಣದ ಬಾಗಿಲ ಹಿಡಿಯನ್ನು ಮುಟ್ಟಿ ಒಳಗೆ ಬಂದು ಕುಳಿತ ನಾವು, ಕೈ ನೋಡಿಕೊಂಡು, ಕೊಳೆಯೇನೂ ಕಾಣುತ್ತಿಲ್ಲ ಎಂದು ಕಣ್ಣುಜ್ಜಿಕೊಂಡಿದ್ದೇವೆ. ಮೀಗ್ಸ್ ಹೇಳಿದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಆಸ್ಟ್ರೇಲಿಯದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಗಮನಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವರು ಗಂಟೆಗೆ ಸರಾಸರಿ 23 ಸಲ ತಮ್ಮ ಮುಖ ಮುಟ್ಟಿಕೊಂಡಿದ್ದರು. ಕಣ್ಣು, ಮೂಗು, ಬಾಯಿಗಳಿಗೆ ರೋಗಾಣುವನ್ನು ತಲುಪಿಸಲು ಇದಕ್ಕಿಂತ ನಿಷ್ಠೆಯ ಸೇವಕ ಬೇಕೆ? (ಮುಂದಿನ ಸಾಲಿನವರು ಈಗ ಕೈಯನ್ನು ಕೆಳಗಿಳಿಸಿದ್ದನ್ನು ನಾನು ನೋಡಿದೆ.)

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ವಿಯೆನ್ನಾದಲ್ಲಿ ಹೆಚ್ಚು ಹೊತ್ತು ಕಳೆದುಬಿಟ್ಟೆನಾದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ.

ಸೋಪಿನ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ತುದಿ ಜಿಡ್ಡಿಗೆ ಅಂಟುತ್ತದೆ. ಕೈಯ ಜಿಡ್ಡಿನಲ್ಲಿ ಸೇರಿಕೊಂಡ ರೋಗಾಣುಗಳನ್ನು ಅದು ಕಿತ್ತು ನೀರಿನೊಡನೆ ಸಾಗಿಸುತ್ತದೆ. ಕೊರೊನಾ, ಇನ್‌ಫ್ಲುಯೆಂಜಾ ವೈರಸ್‌ಗಳ ಹೊರಪೊರೆ ಕೊಬ್ಬಿನದಾದ್ದರಿಂದ ಅದನ್ನು ಒಡೆದೇ ಹಾಕುತ್ತದೆ. ಇದಕ್ಕೆ ಉಜ್ಜುವಿಕೆಯೂ ಸಮಯವೂ ಬೇಕು: ಕನಿಷ್ಠ 20 ಸೆಕೆಂಡ್. ಅಂಗೈಗಳನ್ನು ಎಲ್ಲರೂ ಉಜ್ಜುತ್ತೇವೆ. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು, ಕೈಯ ಹಿಂಬದಿ ಮಾತ್ರ ಒದ್ದೆಯಾಗಿ ಬಿಡುಗಡೆ ಪಡೆಯುತ್ತವೆ. ನೀರು ಬಿಸಿಯಾಗಿರಬೇಕೆಂದಿಲ್ಲ. ರೋಗಾಣುನಾಶಕವೆಂದು ಹೆಸರು ಹೊತ್ತ ಸೋಪೇ ಬೇಕೆಂದೂ ಇಲ್ಲ: ಕರಾಚಿಯ ಬಡಾವಣೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೈ ತೊಳೆಯುವುದನ್ನು ರೂಢಿಸಿಕೊಂಡ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾವೂ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಭೇದಿಯೂ ಅರ್ಧದಷ್ಟು ಇಳಿದವು, ಸಾದಾ ಸೋಪು ಅದರಲ್ಲಿ ಹಿಂದೆ ಬೀಳಲಿಲ್ಲ.

ಸ್ಯಾನಿಟೈಸರ್ ಬಗ್ಗೆ ಒಂದೇ ಮಾತು. ನೂರಕ್ಕೆ 60ರಷ್ಟಾದರೂ ಆಲ್ಕೋಹಾಲ್ ಇದ್ದರೆ ಒಳ್ಳೆಯದೇ. ಆದರೆ ಕೊಳೆಯಾದ ಕೈಗೆ, ವಾಂತಿಭೇದಿ ತರುವ ನೊರೊವೈರಸ್‌ಗೆ, ಅದು ಸೋಪಿಗೆ ಸಮವಲ್ಲ.

ನನ್ನ ಹಳೆಯ ವಾದಕ್ಕೆ ಮತ್ತೆ ಬರುತ್ತೇನೆ. ಕೈಯನ್ನು ಅನುಮಾನಿಸುವುದು ನಮ್ಮ ಸ್ವಭಾವದಲ್ಲಿ ಇಲ್ಲವೆಂದ ಮೇಲೆ, ಕೆಲಸವನ್ನು ಅನುಮಾನಕ್ಕೂ ನೆನಪಿಗೂ ಬಿಡಬಾರದು. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ವೈದ್ಯ ಡಿಡಿಯೆ ಪಿಟೆ ಮತ್ತು ಸಂಗಡಿಗರು 1994ರ ಕೊನೆಯಿಂದ ಮೂರು ವರ್ಷ ಮಾಡಿದ್ದು ಇದನ್ನೇ. ಸಿಬ್ಬಂದಿ ನಲ್ಲಿಯವರೆಗೆ ನಡೆದುಹೋಗಲಿ ಎಂದು ಕಾಯದೆ, ಕೈಗೆ ಹಚ್ಚುವ ಆಲ್ಕೋಹಾಲ್ ದ್ರಾವಣವನ್ನು ರೋಗಿಯ ಹಾಸಿಗೆಯ ಬಳಿಗೇ ತಂದಿಟ್ಟರು, ಗೋಡೆಗಳ ಮೇಲೆ ಚಿತ್ರಫಲಕ ಹಾಕಿದರು, ಗಮನಿಸಿ ಲೆಕ್ಕವಿಟ್ಟರು. ಕೈ ಶುಚಿ ಮಾಡಿಕೊಳ್ಳುವ ಪ್ರಮಾಣ ನೂರಕ್ಕೆ 48ರಿಂದ 66ಕ್ಕೆ ಏರಿತು. ಆಸ್ಪತ್ರೆಯಲ್ಲೇ ಅಂಟುವ ಸೋಂಕು ಸುಮಾರು 17ರಿಂದ 10ಕ್ಕೆ ಇಳಿಯಿತು. ಶಾಲೆಯಿರಲಿ, ಕಚೇರಿಯಿರಲಿ, ಶೌಚಾಲಯದಿಂದ ಹೊರಬರುವ ದಾರಿಯಲ್ಲೇ ನಲ್ಲಿ ಇದೆಯೆ, ನಲ್ಲಿಯ ಪಕ್ಕದಲ್ಲಿ ಸೋಪು ಇದೆಯೆ, ಮುಗಿದಾಗ ತಂದಿಡುವ ಹೊಣೆ ಯಾರದು ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಉಪನ್ಯಾಸಕರನ್ನು ಕರೆಯಿರಿ.

ಉಗುರು, ಉಂಗುರ, ಕೈ ಒರೆಸುವ ಬಟ್ಟೆ ಎಂಬ ಮೂರು ಅಂಶಗಳು ನನ್ನ ಟಿಪ್ಪಣಿಯಲ್ಲೇ ಉಳಿದವು. ಒದ್ದೆ ಕೈ ರೋಗಾಣುಗಳನ್ನು ಒಣ ಕೈಗಿಂತ ಸುಲಭವಾಗಿ ದಾಟಿಸುತ್ತದೆ, ಹಾಗಾಗಿ ಕೊನೆಯದು ಸಣ್ಣ ವಿಷಯವಲ್ಲ. ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿದರೆ ಹೇಳುತ್ತೇನೆ. ನಮಸ್ಕಾರ.