ಸೊಳ್ಳೆಗೂ ಒಂದು ಅಧ್ಯಾಯ ಕೊಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಹೊಯ್ಸಳರ ಕೆರೆಗಳ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಿನ ವಾರ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನಿಮ್ಮ ಕಾಮೆಂಟ್‌ಗಳನ್ನು ಓದುತ್ತಿದ್ದೆ. ಕಳೆದ ಸಂಚಿಕೆಯಲ್ಲಿ ಶ್ರೀರಂಗಪಟ್ಟಣದ ಜ್ವರದ ಬಗ್ಗೆ ಎರಡು ನಿಮಿಷ ಹೇಳಿದ್ದೆ, ನೆನಪಿದೆಯಾ? ಅದಕ್ಕೆ ಒಬ್ಬರು ಬರೆದಿದ್ದಾರೆ: "ಸರ್, ಯುದ್ಧದ ಕಥೆ ಹೇಳಿ. ಈ ಸೊಳ್ಳೆ ಪುರಾಣ ಯಾಕೆ?"

ಸೊಳ್ಳೆ ಪುರಾಣ! ಆಯ್ತು, ಇವತ್ತು ಪೂರ್ತಿ ಅದೇ ಪುರಾಣ. ಕೂತ್ಕೊಳ್ಳಿ.

1799, ಮೇ 4. ಇದು ನಮಗೆಲ್ಲ ಬಾಯಿಪಾಠ. ಕೋಟೆ ಒಡೆಯಿತು, ಟಿಪ್ಪು ಸುಲ್ತಾನ್ ಹತನಾದ, ಇಂಗ್ಲಿಷರು ಗೆದ್ದರು. ಶಾಲೆಯಲ್ಲಿ ಪಾಠ ಅಲ್ಲಿಗೇ ಮುಗಿಯುತ್ತದೆ, ಗಂಟೆ ಹೊಡೆಯುತ್ತದೆ. ನಾನು ಕೇಳುವುದು ಆಮೇಲಿನ ಕಥೆ. ಗೆದ್ದವರು ಅಲ್ಲೇ ಉಳಿದರಲ್ಲ, ಅವರಿಗೆ ಏನಾಯಿತು? ಸುತ್ತ ಕಾವೇರಿ, ಆಚೆ ಗದ್ದೆ, ಕಾಲುವೆ, ಕಂದಕ. ಚಳಿಜ್ವರ ಬಿಡಲಿಲ್ಲ. ಹತ್ತು ವರ್ಷ ಹೇಗೋ ತಡೆದರು. 1809ರಲ್ಲಿ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಬಂದು ಹಲಸೂರಿನ ಕಡೆ ಬೀಡುಬಿಟ್ಟರು. ಅದೇ ನಮ್ಮ ದಂಡು, ಅಂದರೆ ಕಂಟೋನ್ಮೆಂಟ್. ಅಷ್ಟು ದೊಡ್ಡ ಸುಲ್ತಾನನ ಕೋಟೆ ಗೆದ್ದವರನ್ನು ಸೊಳ್ಳೆ ಓಡಿಸಿತು!

ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರ ಒಂದು ಸ್ಮಶಾನ ಇದೆ, ಹೆದ್ದಾರಿಗೆ ಹತ್ತಿರವೇ. ಗುಂಬಜ್ ನೋಡಲು ಹೋದವರು ಅಲ್ಲಿಗೆ ಹೋಗುವುದು ಕಡಿಮೆ. ಸುಮಾರು 300 ಸಮಾಧಿಗಳು, 1800ರಿಂದ 1860ರವರೆಗಿನವು. ಅಂದರೆ ಕೋಟೆ ಬಿದ್ದ ಮೇಲಿನವು. ನಾನು ಹೋದ ದಿನ ಮಳೆ ಬಂದು ನಿಂತಿತ್ತು. ಕಲ್ಲಿನ ಮೇಲಿನ ಪಾಚಿಯನ್ನು ಬೆರಳಿನಿಂದ ಸರಿಸಿ ಓದುತ್ತಾ ಹೋದೆ. ಅಧಿಕಾರಿಗಳಿಗಿಂತ ಅವರ ಮನೆಯವರೇ ಜಾಸ್ತಿ. ಹೆಂಡತಿ, ಮಗು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಗೆದ್ದವರ ಊರು ಹೀಗಿರುತ್ತದಾ ಅನ್ನಿಸಿತು.

ಈಗ ಒಬ್ಬರು ಹೇಳುತ್ತಾರೆ, "ಜ್ವರ ಗಿರ ಏನಿಲ್ಲ, ಬೆಂಗಳೂರಿನ ಹವೆ ಚೆನ್ನಾಗಿತ್ತು, ಅದಕ್ಕೆ ಬಂದರು." ಅಯ್ಯೋ ಮಾರಾಯ್ರೇ, ಹವೆ ಚೆನ್ನಾಗಿತ್ತು ಅಂದರೆ ಏನರ್ಥ? ಜ್ವರ ಬರುತ್ತಿರಲಿಲ್ಲ ಅಂತ! ಆಗ ಜ್ವರಕ್ಕೆ ಕಾರಣ ಕೆಟ್ಟ ಗಾಳಿ ಎಂದೇ ನಂಬಿದ್ದರು. ಮಲೇರಿಯಾ ಎಂಬ ಮಾತಿನ ಅರ್ಥವೇ ಕೆಟ್ಟ ಗಾಳಿ. ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ದಂಡು ಬಂದು ಎಂಬತ್ತೆಂಟು ವರ್ಷ ಆದ ಮೇಲೆ. ತಮ್ಮನ್ನು ಓಡಿಸಿದ್ದು ಯಾರು ಅಂತಲೇ ಅವರಿಗೆ ಗೊತ್ತಿರಲಿಲ್ಲ.

ದಂಡು ಬಂದಿದ್ದಕ್ಕೆ ಏನೇನಾಯಿತು ನೋಡಿ. ಸೈನ್ಯದ ಹಿಂದೆ ತಮಿಳು ಮಾತಾಡುವ ಜನ ಬಂದರು. ಅಡುಗೆಯವರು, ಕೂಲಿಯವರು, ವ್ಯಾಪಾರಿಗಳು. ಚರ್ಚು ಬಂತು, ಬೇಕರಿ ಬಂತು, ಇಂಗ್ಲಿಷ್ ಬಂತು. ಈ ಕಡೆ ಪೇಟೆ, ಆ ಕಡೆ ದಂಡು, ನಡುವೆ ಕಬ್ಬನ್ ಪಾರ್ಕು. ಎರಡಕ್ಕೂ ಬೇರೆ ಬೇರೆ ಆಡಳಿತ. ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ! ಇವತ್ತಿಗೂ ಭಾಷೆಯ ಜಗಳ ಬಂದಾಗ ಯಾರು ಯಾವಾಗ ಬಂದರು ಅಂತ ಕಿತ್ತಾಡುತ್ತೇವೆ. ಆ ಜಗಳದ ಬೇರು ಹುಡುಕಿಕೊಂಡು ಹೋದರೆ ಕಾವೇರಿ ದಂಡೆಯ ಸೊಳ್ಳೆ ಸಿಗುತ್ತದೆ. ಇದನ್ನು ಪುರಾಣ ಅಂತೀರಾ?

ಅಂದಹಾಗೆ, ಮುಂದಿನ ತಿಂಗಳು ಶ್ರೀರಂಗಪಟ್ಟಣದಲ್ಲಿ ಒಂದು ನಡಿಗೆ ಇಟ್ಟುಕೊಂಡಿದ್ದೇನೆ. ಫಾರಂ ಡಿಸ್ಕ್ರಿಪ್ಷನ್‌ನಲ್ಲಿದೆ. ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ, ಇಂಥ ಕಥೆ ಇನ್ನೂ ಬೇಕಾದಷ್ಟಿವೆ.

"ಆದರೂ ಯುದ್ಧವೇ ಮುಖ್ಯ" ಎನ್ನುವವರಿಗೆ ಯುದ್ಧದ್ದೇ ಕಥೆ ಹೇಳುತ್ತೇನೆ. 1791ರ ಮೇ ತಿಂಗಳು. ಅರಕೆರೆ ಹತ್ತಿರ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಎದುರು ಗೆದ್ದ. ರಾಜಧಾನಿ ಶ್ರೀರಂಗಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ಸೈನಿಕರು ಕಾಯಿಲೆ ಬಿದ್ದರು, ಫಿರಂಗಿ ಎಳೆಯುವ ಎತ್ತುಗಳು ಸತ್ತವು. ಎತ್ತಿಲ್ಲದೆ ಫಿರಂಗಿ ಏನು ಮಾಡುತ್ತೆ? ದೊಡ್ಡ ಫಿರಂಗಿಗಳನ್ನು ತಾವೇ ಹಾಳುಮಾಡಿ ವಾಪಸ್ ಹೊರಟರು. ಗೆದ್ದು ವಾಪಸ್ ಹೋದರು ಸ್ವಾಮಿ! ಮುಂದಿನ ವರ್ಷ ಮತ್ತೆ ಬಂದರು, ಅದು ಬೇರೆ ಮಾತು. ಆ ವರ್ಷ ಊರು ಉಳಿದದ್ದು ಎತ್ತು ಸತ್ತಿದ್ದರಿಂದ. ಎತ್ತಿನ ಹೆಸರು ಯಾವ ಪಾಠದಲ್ಲಿದೆ?

ಇನ್ನು ಪ್ಲೇಗು. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. ನನ್ನ ಅಜ್ಜಿ ಅವರ ತಾಯಿಯಿಂದ ಕೇಳಿದ ಮಾತೊಂದನ್ನು ಹೇಳುತ್ತಿದ್ದರು: "ಅಟ್ಟದಿಂದ ಇಲಿ ಬಿದ್ರೆ ಅನ್ನ ಒಲೆ ಮೇಲಿದ್ರೂ ಬಿಟ್ಟು ಹೊರಡಬೇಕು." ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ ಮೊದಲೇ ಇತ್ತು, 1892ರಿಂದ. ಜನ ಹೋಗಿ ನೆಲೆಸುವ ಹಾಗೆ ಮಾಡಿದ್ದು ಪ್ಲೇಗು. ನೇರ ರಸ್ತೆ, ಮನೆ ಮನೆಯ ನಡುವೆ ಜಾಗ, ಹಿಂದೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ಮಲ್ಲೇಶ್ವರದಲ್ಲಿ ಸಂಪಿಗೆ ಮರದ ಕೆಳಗೆ ನಿಂತು "ಎಷ್ಟು ಚೆಂದ" ಅನ್ನುತ್ತೀರಲ್ಲ, ಆ ಚೆಂದದ ಹಿಂದೆ ಒಂದು ಇಲಿ ಇದೆ. ಜನ ದೇವರನ್ನೂ ಮಾಡಿಕೊಂಡರು, ಪ್ಲೇಗ್ ಮಾರಮ್ಮ. ಯಾವ ದಂಡನಾಯಕ ಒಂದು ಊರಿಗೆ ಬಡಾವಣೆಯನ್ನೂ ಕೊಟ್ಟ, ದೇವರನ್ನೂ ಕೊಟ್ಟ? ಹೇಳಿ ನೋಡೋಣ!

ಆಗ ಮೈಸೂರನ್ನು ಆಳುತ್ತಿದ್ದವರು ಕೆಂಪನಂಜಮ್ಮಣ್ಣಿಯವರು. ಅವರು ಯಾಕೆ ಆಳಬೇಕಾಯಿತು? 1894ರಲ್ಲಿ ಗಂಡ, ಹತ್ತನೇ ಚಾಮರಾಜೇಂದ್ರ ಒಡೆಯರು, ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡರು. ವಯಸ್ಸು ಮೂವತ್ತೊಂದು. ಮಗನಿಗೆ ಹತ್ತು. ಅಲ್ಲೂ ಕತ್ತಿ ಇಲ್ಲ. ಕಾಯಿಲೆ!

ಮೆಕ್ಸಿಕೋಗೆ ಹೋಗಿ ನೋಡಿ, ಅಲ್ಲೂ ಇದೇ. 1520ರಲ್ಲಿ ಸಿಡುಬು ಹೊಕ್ಕಿತು, ಹೊಸದಾಗಿ ಪಟ್ಟಕ್ಕೆ ಬಂದ ದೊರೆಯೇ ಸತ್ತ, ಮಾರನೇ ವರ್ಷ ರಾಜಧಾನಿ ಸ್ಪೇನಿನವರ ಪಾಲು. ಸಾಕಾ? ಇನ್ನೂ ಬೇಕಾ?

ಸಿಡುಬು ಅಂದಾಗ ನೆನಪಾಯಿತು. 1805ರ ಹೊತ್ತಿನ ಒಂದು ಚಿತ್ರ ಇದೆ, ಥಾಮಸ್ ಹಿಕಿ ಬರೆದದ್ದು. ಅದರಲ್ಲಿರುವವರು ಮೈಸೂರು ಅರಮನೆಯ ಹೆಂಗಸರು ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡ ಜಾಗ. ನಮ್ಮಜ್ಜಿಯ ತೋಳಿನಲ್ಲೂ ಎಂಟಾಣೆಯಷ್ಟು ಅಗಲದ ಕಲೆ ಇತ್ತು. ಚಿಕ್ಕವನಿದ್ದಾಗ ಅದನ್ನು ಒತ್ತುತ್ತಾ ಮಲಗುತ್ತಿದ್ದೆ. ಅದು ಇತಿಹಾಸ ಅಲ್ವಾ? ಟೆರಾಕೋಟಾ ಚೂರು ಸಿಕ್ಕಿದರೆ ಮ್ಯೂಸಿಯಂನಲ್ಲಿಡುತ್ತೀರಿ, ಅಜ್ಜಿಯ ತೋಳು ಬೇಡವಾ?

ನಿಮ್ಮ ಬೀದಿಯಲ್ಲಿ ಪ್ಲೇಗ್ ಮಾರಮ್ಮನ ಗುಡಿ ಇದ್ದರೆ ಫೋಟೊ ಕಳಿಸಿ. ಅಜ್ಜಿ ಒಪ್ಪಿದರೆ ದಾಕಿನ ಕಲೆಯದ್ದೂ ಕಳಿಸಿ. ಎಲ್ಲ ಸೇರಿಸಿ ಒಂದು ಸಂಚಿಕೆ ಮಾಡೋಣ. ಮತ್ತೆ, ಆ ಕಾಮೆಂಟ್ ಹಾಕಿದವರೇ, ನೀವೂ ನಡಿಗೆಗೆ ಬನ್ನಿ, ನಿಮಗೆ ಕಾಫಿ ನನ್ನದು. ಸಂಜೆ ನದಿ ದಂಡೆಗೆ ಹೋಗುತ್ತೇವೆ. ತುಂಬುತೋಳಿನ ಅಂಗಿ ಹಾಕಿಕೊಂಡು ಬನ್ನಿ.