ಮರಳು ಹಿಡಿದ ಕೈ

ಕೇಳುಗರಿಗೆ ನಮಸ್ಕಾರ. ನಾಳಿನ ಕಾರ್ಖಾನೆ ಅಂದಕೂಡಲೆ ರೋಬೋಟ್, ಸೆನ್ಸರ್ ಅಂತ ಮಾತು ಶುರುವಾಗುತ್ತದೆ. ಅಲ್ಲಿ ಮನುಷ್ಯನ ಬುದ್ಧಿಗೆ ಏನು ಕೆಲಸ? ಬೆಳಗಾವಿಯ ಉದ್ಯಮಬಾಗದ ಯಾವುದಾದರೂ ಫೌಂಡ್ರಿಯಲ್ಲಿ, ಅಂದರೆ ಮರಳಿನ ಅಚ್ಚಿಗೆ ಕರಗಿದ ಲೋಹ ಹೊಯ್ದು ಎರಕ ತೆಗೆಯುವ ಕಾರ್ಖಾನೆಯಲ್ಲಿ, ಮರಳಿನ ಗುಡ್ಡೆಯ ಪಕ್ಕ ನಿಂತು ನೋಡೋಣ.

ಮರಳು ಕಲಸುವ ಮಿಕ್ಸರ್ ಬಳಿಯ ಮೀಟರು ಮರಳಿನ ತೇವ ಶೇಕಡಾ 3.5 ಎನ್ನುತ್ತದೆ. ಅಚ್ಚು ಕಟ್ಟುವವನು ಒಂದು ಹಿಡಿ ಮರಳು ಹಿಚುಕಿ, ಮುರಿದು ನೋಡಿ, "ಸಾಹೇಬ್ರ, ಮರಳ ಬಿಸಿ ಐತ್ರಿ, ಅಂಚು ಉದುರತೈತಿ" ಎನ್ನುತ್ತಾನೆ. ಮೀಟರೂ ತಪ್ಪಿಲ್ಲ, ಇವನೂ ತಪ್ಪಿಲ್ಲ. ಎರಕ ಬಿಚ್ಚಿ ಮತ್ತೆ ಬಳಸುವ ಮರಳು 50 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ಮಿಕ್ಸರಿನಿಂದ ಅಚ್ಚಿನ ಪೆಟ್ಟಿಗೆಗೆ ಬರುವಷ್ಟರಲ್ಲಿ ತೇವ ಆರುತ್ತದೆ. ಉದುರಿದ ಕಣ ಎರಕದೊಳಗೆ ಸೇರಿ ಮಾಲು ರಿಜೆಕ್ಟ್ ಆಗುತ್ತದೆ.

ಇಂಥ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ? ಜಪಾನಿನ ಟೊಯೋಟಾ 1951ರಲ್ಲೇ ಕಾರ್ಮಿಕರ ಸಲಹೆ ಪದ್ಧತಿ ತಂದಿತು. ನಮ್ಮಲ್ಲಿ ಹಲವರು ಅದರಿಂದ ಸಲಹೆ ಹಾಕುವ ಪೆಟ್ಟಿಗೆಯನ್ನಷ್ಟೇ ತಂದರು. ಬೀಗದ ಕೈ ಆಫೀಸಿನಲ್ಲಿ! ಪೆಟ್ಟಿಗೆ ಬಿಡಿ, ಒಂದು ವಹಿ ಇಡಿ. ಹೇಳಿದ ಪಾಳಿಯಲ್ಲೇ ಸೂಪರ್‌ವೈಸರ್ ಬರೆದುಕೊಳ್ಳಲಿ. ಮೂರು ದಿನದೊಳಗೆ ಹೌದು ಅಥವಾ ಇಲ್ಲ ಅಂತ ಕಾರಣ ಸಮೇತ ಹೇಳಲಿ. ಕಾರಣವಿಲ್ಲದ "ಇಲ್ಲ" ಮುಂದಿನ ಹತ್ತು ಸಲಹೆಗಳನ್ನು ಬಾಯಲ್ಲೇ ನಿಲ್ಲಿಸುತ್ತದೆ.

ನಂತರ ಪರೀಕ್ಷೆ. ಬಿಚ್ಚಿದ ಬಿಸಿ ಮರಳಿಗೆ ಅಲ್ಲೇ ನೀರು ಚಿಮುಕಿಸಿ ಮಗುಚಿದರೆ ಹೇಗೆ? ತೂಕದ ಶೇಕಡಾ 1ರಷ್ಟು ನೀರು ಆವಿಯಾದರೆ ಮರಳು ಸುಮಾರು 25 ಡಿಗ್ರಿ ತಣಿಯುತ್ತದೆ. ಒಂದೇ ಪ್ಯಾಟರ್ನ್ (ಅಚ್ಚು ಒತ್ತುವ ಮಾದರಿ), ಒಂದೇ ಪಾಳಿ: ಹಳೆ ರೀತಿಯ 20 ಅಚ್ಚು, ಹೊಸ ರೀತಿಯ 20. ಅಚ್ಚಿಗೆ ಸೀಮೆಸುಣ್ಣದ ಗುರುತು ಮಾಡಬೇಡಿ, ಅದು ಎರಕದ ಮೇಲೆ ಉಳಿಯುವುದಿಲ್ಲ. ಅಚ್ಚಿನಲ್ಲೇ ಒಂದು ಚುಕ್ಕೆ ಒತ್ತಿ. ಎರಕದ ಮೇಲೆ ಉಬ್ಬಾಗಿ ಮೂಡುತ್ತದೆ. ಹೊಸ ರೀತಿಯ ಎಲ್ಲವನ್ನೂ ಒಬ್ಬನೇ ಕೈ ಪಳಗಿದವನಿಗೆ ಕೊಡಬೇಡಿ. ಗೆದ್ದದ್ದು ಮರಳೋ ಅವನ ಕೈಯೋ ತಿಳಿಯುವುದಿಲ್ಲ.

ಇನಾಮು ಕೊಡುವವರು ಹೇಳಿದವನ ಹೆಸರಿನಲ್ಲೇ ಕೊಡಲಿ, ಸಣ್ಣದಾದರೂ ಬೇಗ. ಪೀಸ್ ರೇಟ್, ಅಂದರೆ ಮಾಡಿದ ಮಾಲಿನ ಲೆಕ್ಕಕ್ಕೆ ಕೂಲಿ, ಇದ್ದಲ್ಲಿ ಕೆಲಸ ಬೇಗ ಆಗುವ ಉಪಾಯ ಸಿಕ್ಕ ಮರುತಿಂಗಳೇ ರೇಟ್ ಇಳಿಸಿದರೆ ಇನ್ನೊಂದು ಉಪಾಯ ಹೊರಬರುವುದಿಲ್ಲ. ಬಂದರೂ ಪಾಳಿ ಮುಗಿದ ಮೇಲೆ ಚಹಾದಂಗಡಿಯಲ್ಲಿ.

ಇನ್ನು ಸೆನ್ಸರಿನ ಮಾತು. ತೇವದ ಎರಡನೆಯ ಮೀಟರು ಕೊಳ್ಳುವುದಿದ್ದರೆ ಮಿಕ್ಸರ್ ಬಳಿ ಬೇಡ, ಅಚ್ಚು ಕಟ್ಟುವ ಜಾಗದಲ್ಲಿ ಕೂರಿಸಿ. ಎಷ್ಟು ದೂರದಲ್ಲಿ, ಯಾವ ಮೂಲೆಯಲ್ಲಿ ಅಂತ ಆ ಅಚ್ಚು ಕಟ್ಟುವವನನ್ನೇ ಕೇಳಿ. ನಮಸ್ಕಾರ.