ಮೂರು ಸೀಟಿ ಯಾಕೆ?

ನಮಸ್ಕಾರ ಕೇಳುಗರೇ. ನಾನು ಫಿಸಿಕ್ಸ್ ಮೇಷ್ಟ್ರು. ಒಂದು ಭಾನುವಾರ ಅಮ್ಮ ಬೇಳೆ ತೊಳೆಯುತ್ತಾ ಸುಮ್ನೆ ಕೇಳಿದರು, "ಕುಕ್ಕರ್‌ನಲ್ಲಿ ಯಾಕೋ ಇಷ್ಟು ಬೇಗ ಬೇಯುತ್ತೆ?"

"ಒಳಗೆ ಒತ್ತಡ ಜಾಸ್ತಿ ಅಲ್ವಾಮ್ಮ" ಅಂದೆ.

"ಅಂದ್ರೆ ಬೇಳೆನ ಅಮುಕಿ ಅಮುಕಿ ಮೆತ್ತಗೆ ಮಾಡುತ್ತಾ?"

ನಾನು ತೆಪ್ಪಗಾದೆ. ಅಷ್ಟು ವರ್ಷ 'ಒತ್ತಡ' ಅಂತ ಬೋರ್ಡಿನ ಮೇಲೆ ಬರೆದು ಮುಂದೆ ಹೋಗಿದ್ದೆ, ಮಕ್ಕಳೂ ಬರೆದುಕೊಂಡಿದ್ದರು, ಯಾರೂ ಹೀಗೆ ಕೇಳಿರಲಿಲ್ಲ.

ಮತ್ತೆ ಮೊದಲಿಂದ ಶುರು ಮಾಡಿದೆ. ಅಮುಕುವುದು ಬೇಳೆಯನ್ನಲ್ಲ, ನೀರನ್ನು. ನೀರು ಕುದಿಯಬೇಕಾದರೆ ಒಳಗೆ ಹುಟ್ಟುವ ಆವಿಯ ಗುಳ್ಳೆ ಮೇಲಿನ ಗಾಳಿಯ ಭಾರಕ್ಕೆ ಎದುರು ನಿಲ್ಲಬೇಕು. ತೆರೆದ ಪಾತ್ರೆಯಲ್ಲಿ, ಮಂಗಳೂರಿನಂಥ ಕಡಲೂರಲ್ಲಿ, 100 ಡಿಗ್ರಿಗೆ ಆ ಬಲ ಬರುತ್ತದೆ. ಆಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಶಾಖವೆಲ್ಲ ಆವಿಯ ಜೊತೆ ಹಾರಿಹೋಗುತ್ತದೆಯೇ ಹೊರತು ನೀರು ಇನ್ನಷ್ಟು ಬಿಸಿಯಾಗುವುದಿಲ್ಲ. ಕುಕ್ಕರ್‌ನಲ್ಲಿ ಆವಿಗೆ ದಾರಿ ಇಲ್ಲ, ಅದು ನೀರಿನ ಮೇಲೇ ಕೂತು ಒತ್ತುತ್ತದೆ, ಗುಳ್ಳೆ ಏಳುವುದಿಲ್ಲ, ನೀರು ಸುಮಾರು 120 ಡಿಗ್ರಿವರೆಗೂ ಕಾಯುತ್ತದೆ. ಬೇಳೆ ಬೇಯುವುದು ಆ ಬಿಸಿಗೆ.

ಅಮ್ಮ ತಲೆಯಾಡಿಸಿದರು. ನನಗೆ ಮಾತ್ರ ಆಗಲೇ ಹೊಳೆದದ್ದು, ಸಮುದ್ರಕ್ಕಿಂತ 900 ಮೀಟರ್ ಮೇಲಿರುವ ನಮ್ಮ ಬೆಂಗಳೂರಲ್ಲಿ ಗಾಳಿಯ ಭಾರ ಕಡಿಮೆ, ಹಾಗಾಗಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿದುಬಿಡುತ್ತದೆ, ಬೇಳೆಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಒಲೆಗೆ ಜೋಡಿಸಿರಲಿಲ್ಲ.

ಅಮೆರಿಕದ ಫಿಸಿಕ್ಸ್ ವಿಜ್ಞಾನಿ ರಿಚರ್ಡ್ ಫೈನ್‌ಮನ್, 1965ರಲ್ಲಿ ನೊಬೆಲ್ ಪಡೆದವರು, ಇಂಥದ್ದೇ ಇಕ್ಕಟ್ಟಿಗೆ ಸಿಕ್ಕಿದ್ದರಂತೆ. ಎಲೆಕ್ಟ್ರಾನ್‌ನಂಥ ಅತಿ ಸಣ್ಣ ಕಣಗಳಿಗಿರುವ 'ಸ್ಪಿನ್' ಎಂಬ ಗುಣದ ಬಗ್ಗೆ ಸಹೋದ್ಯೋಗಿಯೊಬ್ಬರು ಕೇಳಿದಾಗ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ತಿಳಿಯುವ ಹಾಗೆ ಪಾಠ ತಯಾರಿಸುತ್ತೇನೆ ಅಂದರು. ಕೆಲವು ದಿನ ಬಿಟ್ಟು ಬಂದು, ಆಗಲಿಲ್ಲ, ಅಂದ್ರೆ ಅದು ನಮಗೇ ಸರಿಯಾಗಿ ಅರ್ಥವಾಗಿಲ್ಲ ಅಂತ ಒಪ್ಪಿಕೊಂಡರು. ಅಷ್ಟು ದೊಡ್ಡವರು ಹಾಗಂದಾಗ, ಬೇಳೆಯ ಮುಂದೆ ನಾನು ತಡವರಿಸಿದ್ದಕ್ಕೆ ನಾಚಿಕೆ ಸ್ವಲ್ಪ ಕಡಿಮೆಯಾಯಿತು!

ಅಷ್ಟರಲ್ಲಿ ಮೊದಲ ಸೀಟಿ ಆಯಿತು. "120 ಬಂದಾಯ್ತಲ್ಲ, ಮತ್ತೆ ಮೂರು ಸೀಟಿ ಯಾಕೆ?" ಅಂದರು ಅಮ್ಮ. ಸೀಟಿ ಹೊಡೆದಷ್ಟೂ ಬಿಸಿ ಏರುವುದಿಲ್ಲ, ಹೆಚ್ಚಾದ ಆವಿ ಹೊರಗೆ ಹೋಗುತ್ತದೆ ಅಷ್ಟೇ, ಸೀಟಿ ಎಣಿಸುವುದು ಹೊತ್ತು ಅಳೆಯಲಿಕ್ಕೆ ಅಂದೆ. ಅಮ್ಮ ಗಡಿಯಾರ ನೋಡಿ, ಉರಿ ಸಣ್ಣ ಮಾಡಿದರು.